ಒಂದು ಸೂರ್ಯನನ್ನು ನಂದಿಸುವ ತೀರ್ಮಾನ

ಕಳೆದ ಸಂಕ್ರಾಂತಿಯ ಮರುವಾರ, ಸೋಮವಾರ ಬೆಳಗಿನ ಸಭೆಯಲ್ಲಿ, ಒಂದು ಸೂರ್ಯನನ್ನು ನಂದಿಸಲು ತೀರ್ಮಾನಿಸಲಾಯಿತು. ಸಭೆ ನಡೆದದ್ದು ಗಚ್ಚಿಬೌಲಿಯ ಒಂದು ಗಾಜಿನ ಕಟ್ಟಡದಲ್ಲಿ. ತೀರ್ಮಾನಕ್ಕೆ ಯಾರ ವಿರೋಧವೂ ಬರಲಿಲ್ಲ. ನನ್ನದೊಂದು ವಿರೋಧವಿತ್ತು. ಆದರೆ ಆ ಹೊತ್ತಿಗೆ ಬಾಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಇತ್ತು. ಅದನ್ನು ನುಂಗುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು.

ಗಾಬರಿ ಬೇಡ, ಇದು ನಮ್ಮ ನಿಮ್ಮ ತಲೆಯ ಮೇಲಿನ ಸೂರ್ಯನಲ್ಲ. ನಾನು ಕೆಲಸ ಮಾಡುವ ಕಂಪನಿ ಮೊಬೈಲಿನಲ್ಲಿ ಆಡುವ ಒಂದು ಆಟ ತಯಾರಿಸಿದೆ. ಅದರಲ್ಲಿ ಒಂದು ಇಡೀ ಬ್ರಹ್ಮಾಂಡವಿದೆ. ಸಾಮ್ರಾಜ್ಯಗಳು, ಸೇನಾಪತಿಗಳು, ಗ್ರಹದಿಂದ ಗ್ರಹಕ್ಕೆ ಸರಕು ಒಯ್ಯುವ ಹಡಗುಗಳು ಇವೆ. ಪ್ರತಿಯೊಂದು ನಕ್ಷತ್ರ ಮಂಡಲದ ನಿಲ್ದಾಣದಲ್ಲೂ ದಿನಕ್ಕೊಂದು ಸುದ್ದಿ ಪ್ರಕಟವಾಗುತ್ತದೆ. ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂತು ಬಂದವಳೆಂಬ ಕಾರಣಕ್ಕೆ ಕನ್ನಡದ ಸುದ್ದಿ ನನ್ನ ಪಾಲಿಗೆ ಬಂತು. ಯುದ್ಧ ನಡೆಯುವ ಮಂಡಲಗಳನ್ನೆಲ್ಲ ಚಿಕ್ಕ ವಯಸ್ಸಿನವರು ಹಂಚಿಕೊಂಡರು. ನನಗೆ ಸಿಕ್ಕಿದ್ದು ನಕ್ಷೆಯ ತುತ್ತತುದಿಯ ನಿರಾಳ ಮಂಡಲ: ಮುಪ್ಪಾದ ಒಂದು ಕೆಂಪು ಸೂರ್ಯ, ಕಲ್ಲಿನ ಮೂರು ಗ್ರಹ, ಒಂದು ನಿಲ್ದಾಣ, ಆ ನಿಲ್ದಾಣದಲ್ಲಿ ಹಡಗುಗಳಿಗೆ ದಾರಿ ತೋರಲು ದೀಪ ಹಚ್ಚುವ ಹೂವಕ್ಕ ಎಂಬ ಒಬ್ಬ ಹೆಂಗಸು. ಹಡಗುಗಳು ಬರುತ್ತಿರಲಿಲ್ಲ. ಹೂವಕ್ಕ ದೀಪ ಹಚ್ಚುವುದನ್ನು ಬಿಟ್ಟಿರಲಿಲ್ಲ.

ಕೆಲಸ ಸುಲಭ ಅಂದುಕೊಂಡಿದ್ದೆ. ಆದರೆ ಹಳೆಯ ಚಾಳಿ ಬಿಡಬೇಕಲ್ಲ. ನಮ್ಮ ತಂಡದ ಮುಖ್ಯಸ್ಥ ಪ್ರತೀಕ್ ಉಡುಪಿ ಕಡೆಯ ಹುಡುಗ, ಒಳ್ಳೆಯವನು. ಒಂದು ದಿನ ಬಂದು, ನಿರಾಳಕ್ಕೆ ಉಲ್ಕೆ ಬಡಿದಿದೆ, ಬರೆಯಿರಿ ಎಂದ.

"ಯಾರು ಹೇಳಿದ್ದು?" ಎಂದೆ.

"ನಾನೇ ಹೇಳ್ತಾ ಇದ್ದೇನಲ್ಲ ಮೇಡಂ."

"ನೀವೊಬ್ಬರು. ಇನ್ನೊಬ್ಬರು ಯಾರಾದರೂ ನೋಡಿದ್ದಾರಾ?"

"ಎಂಥ ಮಾರಾಯ್ರೆ, ಆ ಊರು ಮಾಡಿದ್ದೇ ನಾವು. ನೋಡ್ಲಿಕ್ಕೆ ಅಲ್ಲಿ ಯಾರಿದ್ದಾರೆ?"

"ಹೂವಕ್ಕ ಇದ್ದಾಳೆ" ಎಂದೆ. ಕೊನೆಗೆ ಸುದ್ದಿ ಹೋದದ್ದು ಹೀಗೆ: 'ಉಲ್ಕೆ ಬಡಿದಿದೆ ಎನ್ನಲಾಗಿದೆ. ದೀಪದ ಉಸ್ತುವಾರಿ ಹೂವಕ್ಕ ಇದನ್ನು ಅಲ್ಲಗಳೆದಿದ್ದಾರೆ.' ಅಂದಿನಿಂದ ನಿರಾಳಕ್ಕೆ ಉಲ್ಕೆ ಕಳಿಸುವುದನ್ನು ಪ್ರತೀಕ್ ನಿಲ್ಲಿಸಿದ.

ಹೀಗೆ ನಿರಾಳದಲ್ಲಿ ಏನೂ ನಡೆಯದ ಸ್ಥಿತಿಯನ್ನು ನಾನೇ ಕೈಯಾರೆ ಕಾಪಾಡಿಕೊಂಡು ಬಂದೆ. ಏನೂ ನಡೆಯದ ಕಡೆಗೆ ಯಾವ ಆಟಗಾರ ಬರುತ್ತಾನೆ? ಸಭೆಯ ತೀರ್ಮಾನದ ಹಿಂದಿನ ಕಾರಣವೂ ಅದೇ. ಯುಗಾದಿಯ ಒಳಗೆ ಒಬ್ಬ ಆಟಗಾರನಾದರೂ ನಿರಾಳದಲ್ಲಿ ಲಂಗರು ಹಾಕಿ ನಿಲ್ಲದಿದ್ದರೆ ಸೂರ್ಯನನ್ನು ನಂದಿಸಿ, ಮಂಡಲವನ್ನು ನಕ್ಷೆಯಿಂದ ತೆಗೆಯುವುದು. ಸಿಬ್ಬಂದಿಯ ಹಡಗು ಲೆಕ್ಕಕ್ಕಿಲ್ಲ. ನನ್ನ ಕೆಲಸಕ್ಕೇನೂ ತೊಂದರೆಯಿರಲಿಲ್ಲ. ಯುದ್ಧದ ಮಂಡಲವೊಂದಕ್ಕೆ ವರ್ಗ ಮಾಡುತ್ತೇವೆ ಎಂದರು. ಬಡ್ತಿ ಅಂತಲೇ ಅಂದರು. ನಾನು ತಲೆಯಾಡಿಸಿದೆ. ಹೂವಕ್ಕನ ಗತಿಯೇನು ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಸಂಬಳ ತೆಗೆದುಕೊಳ್ಳುವ ಕಡೆ ಅಂಥ ಪ್ರಶ್ನೆ ಕೇಳಬಾರದು.

ಒಬ್ಬ ಆಟಗಾರ ತಾನೆ, ಯಾರನ್ನಾದರೂ ಕೇಳಿದರಾಯಿತು ಎಂದು ಬೇಗಂಪೇಟೆಯ ಮನೆಗೆ ಬಂದು ಫೋನು ಹಿಡಿದು ಕೂತೆ. ಆಗ ಸಮಸ್ಯೆಯ ನಿಜವಾದ ಅಳತೆ ತಿಳಿಯಿತು. ಫೋನಿನಲ್ಲಿದ್ದ ಹೆಸರುಗಳು: ಗ್ಯಾಸಿನವರು, ನೀರಿನ ಕ್ಯಾನಿನವರು, ಪ್ಲಂಬರ್, ಇನ್ನೊಬ್ಬ ಪ್ಲಂಬರ್, ಹುಬ್ಬಳ್ಳಿಯ ಹಳೆಯ ಸಹೋದ್ಯೋಗಿಗಳು. ಸಹೋದ್ಯೋಗಿಗಳ ಜೊತೆ ನನಗಿರುವುದು ಹಬ್ಬಕ್ಕೊಂದು ಚಿತ್ರ ಕಳಿಸುವ ಸಂಬಂಧ. ಎಷ್ಟೋ ಭಾನುವಾರ ಸಂಜೆ ಹಾಲಿನಂಗಡಿಗೆ ಹೋಗಿ ಬಾಯಿ ತೆರೆದರೆ ಮಾತೇ ಹೊರಡುತ್ತಿರಲಿಲ್ಲ. ಶೀತವಾಗಿದೆ ಎಂದುಕೊಂಡು ಶುಂಠಿ ಕಷಾಯ ಕುಡಿಯುತ್ತಿದ್ದೆ. ಶೀತವಲ್ಲ, ಶುಕ್ರವಾರದಿಂದ ಗಂಟಲನ್ನು ಬಳಸಿರಲಿಲ್ಲ, ಅಷ್ಟೆ.

ಉಳಿದದ್ದು ಎದುರು ಮನೆ. ಅಲ್ಲಿರುವಾಕೆಯನ್ನು ಎರಡು ವರ್ಷದಿಂದ ಲಿಫ್ಟಿನಲ್ಲಿ ನೋಡುತ್ತಿದ್ದೆ. 'ಬಾಗುನ್ನಾರಾ?' ಎಂದು ಆಕೆ ಕುಶಲ ಕೇಳಿದರೆ, 'ಬಾಗುನ್ನಾನಂಡಿ' ಎಂದು ನಾನು. ನನ್ನ ತೆಲುಗು ಅಲ್ಲಿಗೆ ಮುಗಿಯುತ್ತದೆ. ಅಷ್ಟರಲ್ಲಿ ನಮ್ಮ ಮಹಡಿಯೂ ಬರುತ್ತದೆ. ಆಕೆ ಅಪ್ಪಟ ತೆಲುಗಿನವಳು, ನನ್ನ ಮುರುಕು ತೆಲುಗಿಗೆ ಕನಿಕರಪಟ್ಟು ಮಾತು ಬೆಳೆಸುವುದಿಲ್ಲ ಎಂದು ನಂಬಿದ್ದೆ. ಅಂದು ಬೇಕಾದ ವಾಕ್ಯಗಳನ್ನು ಹಿಂದಿಯಲ್ಲಿ ಜೋಡಿಸಿಕೊಂಡು ಹೋಗಿ ಗಂಟೆ ಒತ್ತಿದೆ. ಒಳಗಿನಿಂದ ಜೋರು ದನಿ ಕೇಳಿತು: "ಏ, ಯಾರ ಬಂದಾರ ನೋಡ್ರಿ! ನನ್ನ ಕೈಯೆಲ್ಲಾ ಹಿಟ್ಟ ಆಗ್ಯಾವ!"

ಬಾಗಿಲು ತೆರೆದವರು ರೈಲ್ವೆಯಲ್ಲಿ ಕೆಲಸ ಮಾಡುವ ಆಕೆಯ ಗಂಡ. ಜೋಡಿಸಿಕೊಂಡಿದ್ದ ಹಿಂದಿಯೆಲ್ಲ ಮರೆತು, "ನೀವು ಕನ್ನಡದವರಾ?" ಎಂದುಬಿಟ್ಟೆ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಆಕೆ ಓಡಿ ಬಂದರು.

"ಯಪ್ಪಾ! ನೀವು ಕನ್ನಡದಾಕೀನಾ? ಮತ್ತ ಎರಡ ವರ್ಷ ಲಿಫ್ಟಿನ್ಯಾಗ ಆ ತೆಲುಗು ಯಾಕ ಮಾತಾಡಿದ್ರಿ?"

"ನೀವು ಮಾತಾಡಿದಿರಲ್ಲ, ಅದಕ್ಕೆ."

"ನೀವು ಮಾತಾಡ್ತೀರಂತ ನಾ ಮಾತಾಡ್ದೆನ್ರಿ ಅಕ್ಕಾ! ನನಗ ಬರೋದ ಅದೊಂದ ಮಾತು!"

ಹೆಸರು ಸುವರ್ಣಾ. ಸೇಡಂ ಊರಿನವರು. ನಾನು ದಾವಣಗೆರೆಯವಳು ಎಂದಾಗ, "ಇರ್ಲಿ ಬಿಡ್ರಿ, ಅದೂ ಕನ್ನಡಾನ" ಎಂದು ಉದಾರವಾಗಿ ಕ್ಷಮಿಸಿ, ಬಿಸಿ ರೊಟ್ಟಿ ಮುಂದಿಟ್ಟರು. ತಿನ್ನುತ್ತ ವಿಷಯ ಹೇಳಿದೆ. ಇಷ್ಟು ವಯಸ್ಸಾದ ಹೆಂಗಸು ಸೂರ್ಯನನ್ನು ಉಳಿಸಿಕೊಡಿ ಎಂದು ಇನ್ನೊಬ್ಬರ ಮನೆಯಲ್ಲಿ ಕೂತು ಕೇಳುವುದು ಎಂಥ ಮುಜುಗರವೆಂದು ಅನುಭವಿಸಿದವರಿಗೇ ಗೊತ್ತು. ಅವರ ಗಂಡ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು, ಪತ್ರಿಕೆ ಅಲುಗುತ್ತಿತ್ತು. ಸುವರ್ಣಾ ಮಾತ್ರ ನಗಲಿಲ್ಲ. ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಆ ಹೂವಕ್ಕಗ ಊಟ ಯಾರ ಕೊಡ್ತಾರ್ರಿ?"

ದೀಪದ ಬಗ್ಗೆ, ದೀಪದ ಬತ್ತಿಯ ಬಗ್ಗೆ, ಬತ್ತಿಯ ಕರಿಯ ಬಗ್ಗೆ ಬರೆದಿದ್ದೆ. ಊಟದ ವಿಚಾರ ಹೊಳೆದೇ ಇರಲಿಲ್ಲ. ಡೆಸ್ಕಿನಲ್ಲಿ ಹುಡುಗರು ಇಂಥ ವರದಿ ತಂದಿದ್ದರೆ ವಾಪಸು ಎಸೆಯುತ್ತಿದ್ದೆ.

ಸುವರ್ಣಾ ಅಂದೇ ಆಟವನ್ನು ಮೊಬೈಲಿಗೆ ಹಾಕಿಸಿಕೊಂಡರು. ಆಟದಲ್ಲಿ ಎಲ್ಲರೂ ಮೊದಲು ಕೊಳ್ಳುವುದು ಫಿರಂಗಿ. ಇವರು ಫಿರಂಗಿಯ ಜಾಗದಲ್ಲೂ ಧಾನ್ಯ ತುಂಬಿಕೊಂಡು, ಎರಡು ಯುದ್ಧಗಳ ನಡುವಿನಿಂದ ಹಡಗು ನಡೆಸಿಕೊಂಡು ನಿರಾಳಕ್ಕೆ ಬಂದರು. ಗುಂಡು ಹಾರಿಸಿದವರಿಗೆಲ್ಲ ಸೇಡಂ ಕನ್ನಡದಲ್ಲಿ ಬೈದು ಬರೆದಿದ್ದರಂತೆ. ಅರ್ಥವಾಗದೆ ಅವರು ದಾರಿ ಬಿಟ್ಟರಂತೆ. ಆಟದಲ್ಲಿ ಧಾನ್ಯ ಎಂದಷ್ಟೇ ಇದೆ. "ಜ್ವಾಳಾನ ಅದು, ಹಂಗ ಬರೀರಿ" ಎಂದರು. ಬರೆದೆ. ಆಮೇಲೆ ದಿನವೂ ಸಂಜೆ ನಾನು ಎದುರು ಮನೆಯಲ್ಲಿ, ಸುವರ್ಣಾ ನಿರಾಳದಲ್ಲಿ. ಭಾನುವಾರದ ಶೀತ ತಾನಾಗಿ ವಾಸಿಯಾಯಿತು.

ಯುಗಾದಿ ಬಂತು. ನಿರಾಳದಲ್ಲಿ ಒಂದು ಹಡಗು ನಿಂತಿದ್ದದ್ದು ಪ್ರತೀಕನ ಕಣ್ಣಿಗೂ ಬಿತ್ತು. ಸೂರ್ಯನನ್ನು ನಂದಿಸುವ ವಿಷಯವನ್ನು ಕೈಬಿಡಲಾಯಿತು. ಆದರೆ ನಿಯಮ ನಿಯಮವೇ: ಹಡಗು ಅಲ್ಲಿಂದ ಹೊರಟರೆ ಮತ್ತೆ ಅದೇ ತೀರ್ಮಾನ. ಅದೇ ವಾರ ಸುವರ್ಣಾ ಅವರ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಸೇಡಂಗೆ ಹೊರಟು ನಿಂತರು. ಗಂಡನೂ ರಜೆ ಹಾಕಿದರು. ಬಾಗಿಲ ಮುಂದಿನ ತುಳಸಿ ಗಿಡವನ್ನು ನನಗೆ ಒಪ್ಪಿಸಿದರು.

"ಹಡಗ ಅಲ್ಲೇ ಬಿಟ್ಟ ಹೊಂಟೀನ್ರಿ ಅಕ್ಕಾ, ಚಿಂತಿ ಮಾಡಬ್ಯಾಡ್ರಿ" ಎಂದು ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಧೈರ್ಯ ಹೇಳಿದರು. ನಾನು ಸೂರ್ಯನ ಚಿಂತೆಯಲ್ಲಿದ್ದೇನೆ ಎಂದೇ ಅವರು ತಿಳಿದಿದ್ದರು. ತಿದ್ದಲು ಹೋಗಲಿಲ್ಲ.

ಸೇಡಂ ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ. ದಿನಕ್ಕೊಮ್ಮೆ ಮಾಳಿಗೆ ಹತ್ತಿ, ನಿಲ್ದಾಣದ ಸುದ್ದಿ ಓದಿ, ಕೆಳಗೆ ಒಂದು ಸಾಲು ಬರೆಯುತ್ತಾರೆ. ಇದರಿಂದ ನನ್ನ ಸುದ್ದಿಯ ಶಿಸ್ತು ಸ್ವಲ್ಪ ಸಡಿಲವಾಗಿದೆ ಎಂದು ದೂರು ಬಂದಿದೆ. ಮೊನ್ನೆ ಪ್ರತೀಕ್ ಮೇಜಿನ ಬಳಿಯೇ ಬಂದ.

"ಮೇಡಂ, ನಿರಾಳದಲ್ಲಿ ತುಳಸಿ ಗಿಡ ಎಲ್ಲಿಂದ ಬಂತು? ಅದಕ್ಕೆ ದಿನಾ ನೀರು ಹಾಕಲಾಗುತ್ತಿದೆ ಅಂತ ಬೇರೆ ಬರೆದಿದ್ದೀರಿ."

"ಖಚಿತ ಸುದ್ದಿ" ಎಂದೆ. "ನಾನೇ ಹಾಕುತ್ತಿದ್ದೇನೆ."

ಇದನ್ನು ಬರೆದು ಮುಗಿಸುವ ಹೊತ್ತಿಗೆ ನಿರಾಳ ಮಂಡಲದ ನಿಲ್ದಾಣದಲ್ಲಿ ಒಂದು ಹಡಗು ನಿಂತಿದೆ. ಹಡಗಿನ ಒಡತಿ ಸೇಡಂನಲ್ಲಿದ್ದಾರೆ. ಬೇಗಂಪೇಟೆಗೆ ಮರಳುವ ದಿನ ಇನ್ನೂ ತಿಳಿದುಬಂದಿಲ್ಲ.