ಮಾವನ ಸ್ಪೇನಿನ ಮರ್ಯಾದೆ

ನನ್ನ ಸೋದರಮಾವನಿಗೆ ಬುದ್ಧಿ ಇರಲಿಲ್ಲ ಎಂದು ನಾನು ಹೇಳಲಾರೆ. ಇತ್ತು, ಹಡಗಿನಲ್ಲಿ ಮರೆತು ಬಂದಿದ್ದ, ಅಷ್ಟೇ! ಆರು ವರ್ಷ ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಅವನು ಭದ್ರಾವತಿಗೆ ತಂದದ್ದು ಒಂದು ಮಾಸಿದ ಟೋಪಿ, ಮತ್ತೆ ಸ್ಪೇನಿನವರು ಹೆಂಗಸರನ್ನು ಕರೆಯುವ ಮೂರು ಮಾತು. ಮದುವೆಯಾದವಳು ಸೆನ್ಯೋರ, ಆಗದವಳು ಸೆನ್ಯೋರೀತ. ಗೌರವದ ಹಿರಿಯಳಾದರೆ ಅವಳ ಸ್ವಂತ ಹೆಸರಿನ ಮುಂದೆ ದೋನ್ಯ. ಗಂಡನ ಹೆಸರು ಬೇಡ, ಮಗನ ಹೆಸರೂ ಬೇಡ. ಹೆಂಗಸರನ್ನು ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಗುರುತಿಸುವ ನಮ್ಮ ಕೇರಿ ಜನ್ನಾಪುರದಲ್ಲಿ ಇದನ್ನು ಯಾರು ಕೇಳಿದ್ದರು?

ಹಾಲಿನ ನಂಜಮ್ಮ ಬಂದರೆ ಟೋಪಿ ತೆಗೆದು, ಎದೆಗೊತ್ತಿಕೊಂಡು, ನಡು ಮುರಿದವನಂತೆ ಬಾಗುತ್ತಿದ್ದ. "ದೋನ್ಯ ನಂಜಮ್ಮ, ಅರ್ಧ ಸೇರು."

"ನೀರು ಜಾಸ್ತಿ ಆಗಿದ್ರೆ ಬಾಯ್ಬಿಟ್ಟು ಹೇಳಿ ಮಾರಾಯ್ರೆ, ಹಿಂಗೆಲ್ಲಾ ಬಗ್ಗಿ ಹೆದರಿಸ್ಬೇಡಿ!"

ಮರುದಿನದಿಂದ ಹಾಲು ಗಟ್ಟಿಯಾಯಿತು. ಅವನ ಮರ್ಯಾದೆಯಿಂದ ನಮಗಾದ ಲಾಭ ಅದೊಂದೇ.

ನಷ್ಟ ಕೇಳಿ. ಶಿವಮೊಗ್ಗೆಯಲ್ಲಿ ನನಗೆ ಹೆಣ್ಣು ನೋಡಲು ಹೋದಾಗ, ತಲೆತಗ್ಗಿಸಿ ಕೂತಿದ್ದ ಹುಡುಗಿಯ ಮುಂದೆ ಈ ಮಹಾಶಯ ಬಾಗಿ "ಸೆನ್ಯೋರೀತ!" ಎಂದ. ಹುಡುಗಿ ನಕ್ಕಳು. ಅವಳಪ್ಪ ನಗಲಿಲ್ಲ. "ಇದು ಇವರೊಬ್ರಿಗೋ, ಮನೆಯವ್ರಿಗೆಲ್ಲಾ ಇದೆಯೋ?" ಎಂದು ಕೇಳಿದರು. ಸಂಬಂಧ ಅಲ್ಲಿಗೆ ಮುರಿಯಿತು. ಮೂರು ತಿಂಗಳು ನಾನು ಮಾವನೊಂದಿಗೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾದಂತೆಯೂ ಕಾಣಲಿಲ್ಲ!

ಎರಡನೆಯ ಸಂಬಂಧ ಬಂತು. ಇದೂ ಕೈತಪ್ಪಬಾರದೆಂದು ಅಪ್ಪ ಒಳ್ಳೆಯ ಗಳಿಗೆ ನೋಡಿಸಿ, ಅದಕ್ಕೆ ರೈಲಿನ ಹೊತ್ತನ್ನೂ ಹೊಂದಿಸಿದರು. ನನ್ನನ್ನು ಸಾಕಿದ ದೊಡ್ಡಮ್ಮ, ಅಂದರೆ ಮಾವನ ಅಕ್ಕ, ವಿಧವೆ. ಮನೆಯವರು ಶುಭಕ್ಕೆ ಹೊರಟರೆ ಎದುರಾಗಬಾರದೆಂದು ತಾನಾಗಿಯೇ ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಅಂದೂ ನಿಂತಳು. ನಾನು ಹೊಸ ಟೋಪಿ ಹಾಕಿಕೊಂಡು ಚಪ್ಪಲಿ ಕೈಗೆತ್ತಿಕೊಂಡಿದ್ದೆ. ಮಾವ ಹಿಂದಿರುಗಿ ನಡೆದು, ಆ ಬಾಗಿಲ ಮುಂದೆ ಟೋಪಿ ತೆಗೆದ.

"ದೋನ್ಯ ಗಿರಿಜಾ, ನೀವು ಮುಂದೆ ನಡೀರಿ. ನೀವು ಸಾಕಿದ ಹುಡುಗನ ಮದ್ವೆ ಮಾತು."

"ಏಯ್, ಹುಚ್ಚು ಬಿಡೋ! ರೈಲಿಗೆ ಹೊತ್ತಾಯ್ತು," ಅಪ್ಪ ಗದರಿದರು.

ಇದನ್ನು ಸರಿಯಾಗಿಯೇ ಹೇಳಬೇಕು. ನನಗಾಗ ಇಪ್ಪತ್ತೆರಡು ವರ್ಷ. ದೊಡ್ಡಮ್ಮನಿಗೂ ಒಂದು ಹೆಸರಿದೆ ಎಂದು ನಾನು ತಿಳಿದದ್ದು ಆಗ. ಕೈಯಲ್ಲಿದ್ದ ಚಪ್ಪಲಿ ಕೈಯಲ್ಲೇ ಉಳಿಯಿತು.

ಬಾಗಿಲು ಒಂದಿಷ್ಟು ಸರಿಯಿತು. ಆಮೇಲೆ ಸಣ್ಣ ದನಿ.

"ಇನ್ನೊಂದ್ಸಲ ಕರಿಯೋ."

ಮಾವ ಕರೆದ. ನಾನೂ ಟೋಪಿ ತೆಗೆದೆ.

ಆ ರೈಲು ತಪ್ಪಿತು. ಮುಂದಿನ ರೈಲಿನಲ್ಲಿ ಕಿಟಕಿಯ ಪಕ್ಕ ದೊಡ್ಡಮ್ಮ ಕೂತಿದ್ದಳು.