ಬೆನ್ನ ಮೇಲಿನ 419ಕ್ಕೆ ಒಬ್ಬ ಅಜ್ಜನ ಅಹವಾಲು

ಮಾನ್ಯ 419 ಅವರೇ,

ಗ್ರಂಥಾಲಯದ ಪುಸ್ತಕದ ಬೆನ್ನಿನ ಮೇಲೆ, ಬಿಳಿ ಚೀಟಿಯ ಆಸನದಲ್ಲಿ, ಲೇಖಕರ ಹೆಸರಿನ ಮೊದಲ ಮೂರಕ್ಷರಗಳನ್ನು ಕಾಲ ಬಳಿ ಕೂರಿಸಿಕೊಂಡು ವಿರಾಜಮಾನರಾಗಿರುವ ತಮಗೆ, ನಿವೃತ್ತ ಅಂಚೆಯವನೊಬ್ಬ ಅಡ್ಡಬಿದ್ದು ಮಾಡುವ ನಮಸ್ಕಾರಗಳು. ಓದುಗನನ್ನು ಕೈಹಿಡಿದು ಪುಸ್ತಕದ ಬಳಿಗೆ ಕರೆದೊಯ್ಯುವುದೇ ತಮ್ಮ ಕೆಲಸವೆಂದು ಗ್ರಂಥಾಲಯದ ಬಾಗಿಲಲ್ಲೇ ಬರೆಸಿದ್ದಾರೆ. ಅದನ್ನು ನಾನು ನಂಬಿಬಿಟ್ಟೆ.

ನಮ್ಮ ಮೊಮ್ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಶಾಲೆಯಲ್ಲಿ ಸನ್ನೆ ಭಾಷೆ ಕಲಿತು ಈಗ ಕೈಯಲ್ಲೇ ಪಟಪಟನೆ ಮಾತಾಡುತ್ತಾಳೆ. ಹೋದ ರಜೆಗೆ ಬಂದಿದ್ದಾಗ ಅಜ್ಜಿಯೆದುರು ನಿಂತು ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡಿದಳು. ಅಜ್ಜಿ ನೀರು ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಕೊನೆಗೆ ಬಚ್ಚಲಿಗೂ ಕರೆದುಕೊಂಡು ಹೋದಳು. ಮಗು ಅತ್ತೇ ಅತ್ತಿತು. ಪೇಟೆಗೆ ಹೋಗಿದ್ದ ನಮ್ಮ ಮಗಳು ಬಂದು ನೋಡಿ, "ಅಜ್ಜಿಗೆ ನನ್ನ ಮೇಲೆ ಯಾಕೆ ಕೋಪ, ಮಾತೇ ಆಡಲ್ಲ ಅಂತ ಕೇಳ್ತಿದಾಳೆ ಕಣಮ್ಮ" ಎಂದಳು. ಅಂದಿನಿಂದ ನನ್ನ ಹೆಂಡತಿಗೆ ಊಟ ಸೇರಲಿಲ್ಲ. ಮುಂದಿನ ರಜೆಯೊಳಗೆ ಆ ಭಾಷೆ ಕಲಿಯಲೇಬೇಕು, ಪುಸ್ತಕ ತನ್ನಿ ಎಂದು ನನ್ನನ್ನು ಅಟ್ಟಿದಳು.

ಯಾವ ಸಂದಿಯ ಮನೆಯನ್ನಾದರೂ ಹುಡುಕಿ ಕಾಗದ ಮುಟ್ಟಿಸಿದವನೆಂಬ ಜಂಬದಲ್ಲೇ ಹೊರಟೆ. ಸನ್ನೆ ಭಾಷೆಯ ಪುಸ್ತಕಗಳಿಗೆ ಕೊಡುವ ಸಂಖ್ಯೆಯಾದ ತಮ್ಮ ವಿಳಾಸ ಕಂಪ್ಯೂಟರಿನಲ್ಲಿದೆಯೆಂದು ಗ್ರಂಥಾಲಯದವರು ಹೇಳಿದರು. ಕಂಪ್ಯೂಟರು ಬಟ್ಟೆ ಹೊದ್ದು ಕೂತಿತ್ತು, ಅದರ ಪಾಸ್‌ವರ್ಡ್ ಬಲ್ಲ ಅಧಿಕಾರಿಗಳು ರಜೆಯಲ್ಲಿದ್ದರು. ಕಿವಿಯ ವಿಷಯ ತಾನೇ ಎಂದುಕೊಂಡು ನಾನೇ ವೈದ್ಯಶಾಸ್ತ್ರದ ಕಪಾಟಿಗೆ ಹೋಗಿ, ತಮ್ಮ ದೂರದ ಬಂಧು 617.8ರ ಮುಂದೆ ಮಂಡಿಯೂರಿ, ಕಿವಿ ಸೋರುವುದರಿಂದ ಹಿಡಿದು ತಲೆ ಸುತ್ತುವವರೆಗಿನ ಸಕಲ ರೋಗಗಳನ್ನೂ ವಾರಗಟ್ಟಲೆ ಓದಿದೆ. ಅವುಗಳಲ್ಲಿ ಅರ್ಧದಷ್ಟು ಈಗ ನನಗೇ ಇವೆಯೆಂಬ ಅನುಮಾನ ಬಂದಿದೆ.

ತಾವಾದರೋ ಎದುರುಗೋಡೆಯಲ್ಲಿ, ವ್ಯಾಕರಣ ನಿಘಂಟುಗಳ ನೆರೆಯಲ್ಲಿ ಆರಾಮವಾಗಿದ್ದಿರಿ. ನನ್ನ ಹೆಂಡತಿ ತಾಳ್ಮೆಗೆಟ್ಟು ತಾನೇ ಬಂದವಳು, ಭಾಷೆ ಕಲಿಸುವ ಪುಸ್ತಕ ಭಾಷೆಗಳ ಜೊತೆ ಇರದೆ ಇನ್ನೆಲ್ಲಿರುತ್ತದೆ ಎಂದು ಗದರಿ ನೇರ ಅಲ್ಲಿಗೇ ನಡೆದು ಪುಸ್ತಕವನ್ನು ಎತ್ತಿಕೊಂಡಳು. ನಮ್ಮ ಮಗುವಿನ ಮಾತನ್ನು ನಾನು ರೋಗಗಳ ನಡುವೆ ತಡಕುತ್ತಿದ್ದೆ. ತಾವು ಅದನ್ನು ಭಾಷೆಗಳ ಪಂಕ್ತಿಯಲ್ಲಿ ಕೂರಿಸಿದ್ದಿರಿ. ನನಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ಮಾತನ್ನು ಮೂರೇ ಅಂಕಿಗಳಲ್ಲಿ ಹೇಳಿ, ಅದು ಯಾರಿಗೂ ಅರ್ಥವಾಗದಂತೆ ನೋಡಿಕೊಂಡ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು.

ಆದಕಾರಣ ತಾವು ದಯಮಾಡಿ ಆಗಾಗ ಚೀಟಿಯಿಂದಿಳಿದು ಬಾಗಿಲವರೆಗೆ ನಡೆದು ಬಂದು, ಒಳಗೆ ಕಾಲಿಟ್ಟವರನ್ನು ಏನು ಬೇಕಿತ್ತೆಂದು ವಿಚಾರಿಸಬೇಕಾಗಿಯೂ, ರಜೆಯಲ್ಲಿರುವ ಅಧಿಕಾರಿಗಳ ಬೆನ್ನಿಗೂ ಒಂದು ಸಂಖ್ಯೆ ಅಂಟಿಸಿ ಅವರು ಯಾವ ಕಪಾಟಿನಲ್ಲಿ ಸಿಗುತ್ತಾರೆಂದು ಪ್ರಕಟಿಸಬೇಕಾಗಿಯೂ, ಅದೂ ಆಗದಿದ್ದರೆ ಭಾಷೆಗಳ ಸಾಲಿಗೆ ಓದಲು ಬರುವಂಥ ಒಂದು ಬೋರ್ಡನ್ನಾದರೂ ಹಾಕಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ. ಮೂರರಲ್ಲಿ ಕೊನೆಯದೇ ಅತಿ ಕಷ್ಟವೆಂದು ಬಲ್ಲೆ.

ಮಂಡಿ ಸವೆದರೂ ವಿಶ್ವಾಸ ಸವೆಯದ,
ತಮ್ಮ ವಿಶ್ವಾಸಿ,
ಒಬ್ಬ ಅಜ್ಜ

ವಿ.ಸೂ.: ಮೊಮ್ಮಗಳು ಬಂದಿದ್ದಾಳೆ. ಅಜ್ಜಿಯೂ ಅವಳೂ ನನ್ನ ಕಡೆ ನೋಡುತ್ತ, ಕೈಯಲ್ಲೇ ಏನೋ ಆಡಿಕೊಂಡು ಬಿದ್ದು ಬಿದ್ದು ನಗುತ್ತಾರೆ. ಪುಸ್ತಕವನ್ನು ನನ್ನ ಕೈಗೆ ಕೊಡುತ್ತಿಲ್ಲ. ಗ್ರಂಥಾಲಯದಲ್ಲಿ ಇನ್ನೊಂದು ಪ್ರತಿ ಇದೆಯಂತೆ, ಆದರೆ ಅದರ ಬೆನ್ನಿನಿಂದ ತಾವು ಉದುರಿಹೋಗಿರುವುದರಿಂದ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲವಂತೆ. ಬೇಗ ಪತ್ತೆಮಾಡಿಕೊಡಿ. ಸದ್ಯ ನಮ್ಮ ಮನೆಯಲ್ಲಿ ಕಿವುಡ ನಾನೊಬ್ಬನೇ.