ಮೀನಿನ ಉಪವಾಸಕ್ಕೆ ಮೆಟ್ಟಿಲ ಮೇಲೆ ಔತಣ

ಜೀವ ಉಳಿಸುವುದೇನು ಡಾಕ್ಟರುಗಳ ಗುತ್ತಿಗೆಯೇ? ಲಿಫ್ಟ್ ರಿಪೇರಿ ಕಚೇರಿಯಲ್ಲಿ ಕೂತು ಬೇರೆಯವರ ದೂರು ಬರೆದುಕೊಳ್ಳುವ ನನ್ನಂಥವನೂ ಉಳಿಸಬಲ್ಲ ಎಂದು ಇಡೀ ಕರಗಂದಿ ಊರಿಗೆ ತೋರಿಸಿಯೇ ಸಿದ್ಧ ಎಂದು ನಾನು ಪಣ ತೊಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ಎರಡನೇ ಬಟ್ಟಲು ಚಹಾ ಮುಗಿಸಿದಾಗ.

ನಮ್ಮ ಕಚೇರಿಯ ಮೂಲೆಯಲ್ಲಿ ಮೀನಿನ ಗಾಜಿನ ತೊಟ್ಟಿಯೊಂದಿತ್ತು. ಹಿಂದಿನ ಮೇಲಧಿಕಾರಿ ಶೋಕಿಗೆ ತಂದಿಟ್ಟು, ವರ್ಗವಾದಾಗ ಮರೆತುಹೋದದ್ದು. ನೀರು ಸೊಪ್ಪಿನ ಸಾರಿನ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಮೂರು ಚಿನ್ನದ ಮೀನು. ಚಿನ್ನ ಎಂದೋ ಹೋಗಿತ್ತು, ಮೀನು ಮಾತ್ರ ಉಳಿದಿತ್ತು! ಬಾಲಗಳು ಚಿಂದಿ, ಮೈತುಂಬ ಬಿಳಿ ಚುಕ್ಕೆ. ಯಾರೋ ಪುಣ್ಯಾತ್ಮರು ಸೂರ್ಯಕಾಂತಿ ಬೀಜದ ಸಿಪ್ಪೆಯನ್ನೂ ಅಲ್ಲೇ ಉಗಿದಿದ್ದರು.

"ಒರಾಜ್ಬೆಕ್ ಅಗಾ, ಇವನ್ನ ನಾನು ಮನೆಗೆ ಒಯ್ಲಾ?" ಎಂದು ಮೇಲಧಿಕಾರಿಯನ್ನು ಕೇಳಿದೆ.

"ತೊಟ್ಟಿ ಸಮೇತ ಒಯ್ಯಪ್ಪಾ! ಅಲ್ಲೊಂದು ಬೀರು ಇಡ್ಬೇಕು ಅಂತ ಎರಡು ವರ್ಷದಿಂದ ಕಾಯ್ತಿದ್ದೀನಿ, ಇವು ಸಾಯ್ತಾನೇ ಇಲ್ಲ."

ಮನೆಯ ಬಾಗಿಲಲ್ಲೇ ನನ್ನ ಹೆಂಡತಿ ಕಮ್ಶಾತ್ ಅಡ್ಡ ನಿಂತಳು.

"ಏನಿದು?"

"ಮೂರು ರೋಗಿಗಳು."

"ಸೆರ್ಝಾನ್, ಈ ಮನೇಲಿ ಕಳ್ಳಿ ಗಿಡ ನೀರಿಲ್ದೆ ಸತ್ತಿದೆ. ಕಳ್ಳಿ ಗಿಡ! ಮರಳುಗಾಡಲ್ಲಿ ಬದುಕುತ್ತಂತೆ, ನಿನ್ನ ಹತ್ರ ಬದುಕ್ಲಿಲ್ಲ."

"ಅದು ಅಲಂಕಾರ. ಇದು ಕರುಣೆ!"

ಕರುಣೆಗೆ ಜಾಗ ಬೇಕಲ್ಲ. ಸ್ನಾನದ ಟಬ್ಬು ಆಸ್ಪತ್ರೆಯಾಯಿತು. ಸಂತೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಕಿಮ್ ಹೇಳಿದಂತೆ ಹದವಾಗಿ ಉಪ್ಪು ಬೆರೆಸಿದೆ, ದಿನಾ ಅಷ್ಟಷ್ಟು ನೀರು ಬದಲಿಸಿದೆ, ಗುಳುಗುಳು ಎನ್ನುವ ಗಾಳಿಯಂತ್ರ ಕೂರಿಸಿದೆ. ಹತ್ತು ದಿನ ನಾವಿಬ್ಬರೂ ಟವೆಲ್ ಹೆಗಲಿಗೇರಿಸಿಕೊಂಡು ಅವಳ ಅಕ್ಕನ ಮನೆಗೆ ಸ್ನಾನಕ್ಕೆ ಹೋಗಿಬಂದೆವು. ಆದರೇನು, ಚುಕ್ಕೆಗಳು ಮಾಯವಾದವು, ಬಾಲ ಚಿಗುರಿತು, ಮೈಗೆ ಚಿನ್ನ ಮರಳಿತು! ಮೂರರಲ್ಲಿ ದೊಡ್ಡದಕ್ಕೆ ಖಾನ್ ಎಂದು ಹೆಸರಿಟ್ಟೆ. ತಿಕ್ಕಿ ತೊಳೆದ ತೊಟ್ಟಿಯಲ್ಲಿ ಖಾನ್ ಸಾಹೇಬರು ಸಪರಿವಾರ ನಮ್ಮ ಒಂಟಿ ಕೋಣೆಗೆ ದಯಮಾಡಿಸಿದರು. ಕಮ್ಶಾತಳೇ ಒಮ್ಮೆ, "ಪರವಾಗಿಲ್ವೇ" ಎಂದಳು. ಮದುವೆಯಾದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹಳ್ಳಿಯಿಂದ ನನ್ನ ಅಜ್ಜಿ ಬಂದರು. ನಾವು ಅಜೆ ಎನ್ನುತ್ತೇವೆ. ಒಂದು ತಿಂಗಳಿಗೆಂದು ಬಂದವರ ಕೈಯಲ್ಲಿ ಬೌರ್ಸಾಕ್ ತುಂಬಿದ ಬಕೆಟ್ಟು. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನುಂಡೆ ಇಲ್ಲದೆ ಅಜೆ ಎಲ್ಲಿಗೂ ಕಾಲಿಡುವವರಲ್ಲ.

"ಇವರ್ಯಾರು ಬಾಲಂ?" ತೊಟ್ಟಿಗೆ ಮೂಗು ಒತ್ತಿ ಕೇಳಿದರು. ಮುದ್ದು ಉಕ್ಕಿದಾಗ ನಾನು ಅವರಿಗೆ ಬಾಲಂ, ಅಂದರೆ ಮಗು.

"ನಮ್ಮನೆ ಅತಿಥಿಗಳು ಅಜೆ! ಪಾಪ, ಎರಡು ವರ್ಷ ಹೊಟ್ಟೆಗಿಲ್ದೆ ಒದ್ದಾಡಿದ್ವು."

ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕಿತ್ತು!

"ಈಗೇನು ಹಾಕ್ತೀಯ?"

"ದಿನಕ್ಕೊಂದು ಚಿಟಿಕೆ."

"ಚಿಟಿಕೆ?" ಅಜೆ ಸೋಫಾದ ಮೇಲೆ ಕುಸಿದರು. "ಹಿಮಗಾಳೀಲಿ ದಾರಿ ತಪ್ಪಿ ಬಂದೋನಿಗೆ ನಿಮ್ಮಜ್ಜ ಇದ್ದೊಂದು ಕುರಿ ಕಡಿದು ಹಾಕಿದ್ರು. ನೀನು ಅತಿಥಿಗೆ ಚಿಟಿಕೆ ಹಾಕ್ತೀಯಾ?"

ನಮ್ಮಲ್ಲಿ ಹೊಸಿಲು ತುಳಿದವರು ರೊಟ್ಟಿಯ ತುಣುಕಾದರೂ ಬಾಯಿಗಿಡದೆ ವಾಪಸು ಹೋಗುವಂತಿಲ್ಲ, ಮೀಟರ್ ನೋಡಲು ಬಂದವನೂ ಸೇರಿ. ಅಜೆ ಈ ಕಾಯಿದೆಗೆ ತಿದ್ದುಪಡಿ ತಂದರು: ಬಂದವರು ತಾವೂ ತಿನ್ನಬೇಕು, ತೊಟ್ಟಿಯೊಳಗಿನವರಿಗೂ ಚೂರು ಹಾಕಬೇಕು. ಮೀಟರಿನವನು ಹಾಕಿದ. ಎದುರು ಮನೆಯ ಹಿರಿಯಕ್ಕ ತೋರ್ಗಿನ್ ತಾತೆ ದಿನಕ್ಕೆ ಮೂರು ಸಲ ಉಪ್ಪು ಕೇಳಲು ಬಂದು ಮೂರು ಸಲವೂ ಹಾಕಿದರು. ನಾನೋ ಕಚೇರಿಯಲ್ಲಿ! ಬೆಳಿಗ್ಗೆ ನನ್ನ ಚಿಟಿಕೆ ಬೇರೆ. ಮನಸ್ಸು ಕರಗಿದಾಗ ಕಮ್ಶಾತಳ ಚಿಟಿಕೆಯೂ ಬೀಳುತ್ತಿತ್ತೆಂದು ಆಮೇಲೆ ಗೊತ್ತಾಯಿತು.

ಎಂಟನೇ ದಿನ ಕಚೇರಿಯಿಂದ ಬಂದು ನೋಡುತ್ತೇನೆ, ನೀರು ಹಾಲಾಗಿದೆ. ಖಾನ್ ಸಾಕ್ಷಾತ್ ಬೌರ್ಸಾಕ್! ತಲೆ ಕೆಳಗೆ, ಹೊಟ್ಟೆ ಮೇಲೆ. ಉಳಿದೆರಡು ಮೂಲೆ ಹಿಡಿದಿವೆ.

ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಕಿಮ್ ಅಂಗಡಿಗೆ ಓಡಿದೆ. ಕಿಮ್ ಕನ್ನಡಕ ಏರಿಸಿ ನೋಡಿದ.

"ರೋಗ ಏನಿಲ್ಲ. ಇದು ಉಪಚಾರ. ಇನ್ನೆರಡು ದಿನ ಹೀಗೇ ಉಪಚಾರ ಮಾಡಿದ್ರೆ ಹೋಗೇಬಿಡುತ್ತೆ."

"ಔಷಧಿ?"

"ನೀರು ಬದಲಿಸಿ. ಮೂರು ದಿನ ಏನೂ ಹಾಕ್ಬೇಡಿ. ನಾಲ್ಕನೇ ದಿನ ಬೇಯಿಸಿದ ಬಟಾಣಿ, ಸಿಪ್ಪೆ ತೆಗೆದು, ಅರ್ಧ."

ಕಮ್ಶಾತ್ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಅಂದ್ರೆ ಏನೂ ಮಾಡದೆ ಸುಮ್ನಿರೋದೇ ಔಷಧಿ! ಈ ಪ್ರಪಂಚದಲ್ಲಿ ನಿನಗೆ ಚೆನ್ನಾಗಿ ಬರೋ ಕೆಲಸ ಅದೊಂದೇ. ಅದನ್ನೂ ಕಿಮ್ ಹೇಳ್ಕೊಡಬೇಕಾಯ್ತಾ?"

ಅಜೆ ಕಣ್ಣೊರೆಸಿಕೊಂಡು ಒಪ್ಪಿದರು. ಆದರೆ ಊಟಕ್ಕೆ ಕೂತಾಗ ತುತ್ತು ಕೆಳಗಿಟ್ಟರು.

"ಉಪವಾಸ ಇರೋ ಅತಿಥಿ ಎದುರು ನಾವು ಬಾಯಾಡಿಸೋದಾ? ನಂಗಾಗಲ್ಲ."

"ಬೇರೆ ಕಡೆ ನೋಡ್ಲಿ ಬಿಡಿ ಅಜೆ!"

"ಹೇಗೆ ನೋಡುತ್ತೋ? ರೆಪ್ಪೆ ಕೂಡ ಇಲ್ಲ ಪಾಪ, ಕಣ್ಣು ಮುಚ್ಚಕ್ಕೂ ಆಗಲ್ಲ."

ಬಟ್ಟೆ ಹೊದಿಸೋಣವೆಂದರೆ "ವಾಸನೆ ಹೋಗಲ್ವಾ?" ಎಂದರು. ಅಡಿಗೆಮನೆಯಲ್ಲೋ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕು. ಕೊನೆಗೆ ಅಜೆ ಊಟದ ಹಾಸು ಎತ್ತಿಕೊಂಡು ಹೋಗಿ, ಬಾಗಿಲಾಚೆ ಮೆಟ್ಟಿಲ ತಿರುವಿನಲ್ಲಿ ಹಾಸಿ ಕೂತೇಬಿಟ್ಟರು!

ನಮ್ಮದು ಒಂಬತ್ತು ಮಹಡಿಯ ಕಟ್ಟಡ. ಲಿಫ್ಟ್ ಕೆಟ್ಟು ತಿಂಗಳಾಗಿತ್ತು. (ದೂರು ಬರೆದುಕೊಂಡವನು ನಾನೇ.) ಹಾಗಾಗಿ ಹತ್ತುವವರು, ಇಳಿಯುವವರು ಎಲ್ಲರೂ ನಮ್ಮ ಊಟದ ಮಧ್ಯೆಯೇ ದಾಟಬೇಕು.

"ಅಯ್ಯೋ, ಮನೆಯಿಂದ ಹಾಕಿದ್ರಾ?" ತೋರ್ಗಿನ್ ತಾತೆ ಎದೆ ಬಡಿದುಕೊಂಡರು.

"ಇಲ್ಲ ತಾತೆ. ಮೀನು ಉಪವಾಸ ಇದೆ."

ತಾತೆ ನನ್ನ ಹಣೆ ಮುಟ್ಟಿ ನೋಡಿದರು. ಆದರೂ ಹಾದುಹೋಗುವವರನ್ನು ಅಜೆ ಬಿಟ್ಟಾರೆಯೇ? "ಕೂತ್ಕೊ, ಒಂದು ತುತ್ತು ತಿಂದ್ಹೋಗು." ತಿಂದವರು ಬರಿಗೈಲಿ ಇರುವುದುಂಟೆ? ಮರುದಿನ ತಾತೆ ಕುದುರೆ ಮಾಂಸ ಬೇಯಿಸಿ ತಂದರು. ಐದನೇ ಮಹಡಿಯಿಂದ ಉಪ್ಪಿನಕಾಯಿ ಇಳಿಯಿತು, ಎರಡರಿಂದ ಚಹಾ ಕಾಯಿಸುವ ಸಮೋವರ್ ಏರಿತು. ಎಂಟನೇ ಮಹಡಿಯ ಅಜ್ಜ ಬೈಮುರಾತ್ ಅತಾ, ಹೆಂಡತಿ ತೀರಿಕೊಂಡಂದಿನಿಂದ ಟೀವಿಯೆದುರು ಒಬ್ಬರೇ ರೊಟ್ಟಿ ಕಡಿಯುತ್ತಿದ್ದವರು, ದೊಂಬ್ರಾ ಹಿಡಿದು ಬಂದು ಎರಡು ತಂತಿ ಮೀಟಿ ಹಾಡತೊಡಗಿದರು! ನಾನು ಆಗಾಗ ಒಳಗೆ ಹೋಗಿ ಬಂದು ಆರೋಗ್ಯ ವಾರ್ತೆ ಓದುತ್ತಿದ್ದೆ.

"ಈಗ ಹೇಗಿದ್ದಾನೆ ಖಾನ್?"

"ಓರೆಯಾಗಿದ್ದಾನೆ!"

"ಭೇಷ್! ನಿನ್ನೆ ಅಂಗಾತ ಇದ್ದ!"

ಮೂರನೇ ಸಂಜೆ ಮಾತ್ರ ಖಾನ್ ತೊಟ್ಟಿಯ ತಳದಲ್ಲಿ ಬಿದ್ದಿದ್ದ, ಅಲುಗಾಡುತ್ತಿರಲಿಲ್ಲ. ಹೊರಗೆ ನಗು, ಹಾಡು. ನಾನು ಗಾಜಿಗೆ ಅಂಗೈ ಒತ್ತಿ ಕೂತೆ. ಕಮ್ಶಾತ್ ಬಂದು ಪಕ್ಕದಲ್ಲಿ ಕೂತಳು.

"ಉಸಿರಿದೆಯಾ?"

"ಕಿವಿರು ಆಡ್ತಿದೆ... ಅನ್ಸುತ್ತೆ."

ಕಳ್ಳಿ ಗಿಡದ ಮಾತೆತ್ತಲಿಲ್ಲ ಅವಳು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾಲ್ಕನೇ ಬೆಳಿಗ್ಗೆ ಅಜೆ ಬಟಾಣಿಯ ಸಿಪ್ಪೆ ತೆಗೆದರು, ಮೊಮ್ಮಗುವಿನ ಬಟ್ಟೆ ಬಿಚ್ಚುವಷ್ಟು ಜೋಪಾನವಾಗಿ. ಅರ್ಧ ಬಟಾಣಿ ಮೆಲ್ಲಗೆ ನೀರಿಗಿಳಿಯಿತು. ಖಾನ್ ಒಮ್ಮೆ ಬಾಲ ಅಲ್ಲಾಡಿಸಿದ. ಎದ್ದ. ನೆಟ್ಟಗೆ, ಹೊಟ್ಟೆ ಕೆಳಗೆ, ಬೆನ್ನು ಮೇಲೆ, ದೇವರು ಮಾಡಿದ ರೀತಿಯಲ್ಲಿ ಈಜಿ ಬಂದು ಗುಳುಂ ಎನಿಸಿದ! ಕಮ್ಶಾತ್ ನನ್ನ ಕೊರಳಿಗೆ ಜೋತುಬಿದ್ದಳು.

ಮಧ್ಯಾಹ್ನ ನಾನು ಎದೆಯುಬ್ಬಿಸಿ ಬಾಗಿಲು ತೆರೆದೆ. ಮೆಟ್ಟಿಲ ತುಂಬ ಜನ, ನಡುವೆ ಹಬೆಯಾಡುವ ಮಾಂಸದ ಪರಾತ. ಜಯಘೋಷವನ್ನು ನಿರೀಕ್ಷಿಸಿ ಕೈ ಎತ್ತಿ ಸಾರಿದೆ:

"ಬಂಧುಗಳೇ! ಖಾನ್ ಪೂರ್ತಿ ವಾಸಿಯಾದ! ಇನ್ನು ಎಲ್ಲರೂ ನಿಮ್ಮ ನಿಮ್ಮ ಮನೇಲೇ ಊಟ ಮಾಡ್ಬಹುದು!"

ದೊಂಬ್ರಾ ನಿಂತಿತು. ತೋರ್ಗಿನ್ ತಾತೆ ನನ್ನನ್ನು ಗಾಜು ಒಡೆದವನನ್ನು ನೋಡುವಂತೆ ನೋಡಿದರು. ಬೈಮುರಾತ್ ಅತಾ ತಂತಿ ಸವರುತ್ತ ಮೆಲ್ಲಗೆ ಕೇಳಿದರು: "ಪೂರ್ತಿ ಅಂದ್ರೆ... ಪೂರ್ತೀನೇ? ಒಂದೆರಡು ದಿನ ಸುಸ್ತಾದ್ರೂ ಇರಲ್ವಾ ಬಾಲಂ?"

ಜೀವ ಉಳಿಸಿದ ಮಹಾನುಭಾವ ನಾನು ಕಳ್ಳನಂತೆ ನಿಂತಿದ್ದೆ. ಅಜೆ ನನ್ನ ಕೈಹಿಡಿದು ಜಗ್ಗಿ ಹಾಸಿನ ಮೇಲೆ ಕೂರಿಸಿದರು.

"ಅಲ್ವೋ, ವಾಸಿಯಾಗಿರೋದು ಮೀನಿಗೆ. ಅದೇ ಯಾರಿಗೂ ಹೇಳ್ದೆ ಗಂಭೀರವಾಗಿ ಒಳಗಿದೆ. ಒಂದು ತಿಂಗಳು ಜೊತೇಲಿದ್ದು ಮೀನಿಂದ ಅಷ್ಟೂ ಕಲೀಲಿಲ್ವಾ ನೀನು? ಬಾಯಿ ಮುಚ್ಕೊಂಡು ತಿನ್ನು, ಮಾಂಸ ಆರಿಹೋಗ್ತಿದೆ!"